ಜಗಳ ನಿಂತ ಮನೆ

"ನಮ್ಮ ಹುಡುಗಿ ಭಾಳ ಶಾಂತ ಅದಾಳ್ರಿ, ಮನ್ಯಾಗ ಇದ್ದಾಳೋ ಇಲ್ಲೋ ಗೊತ್ತಾಗಂಗಿಲ್ಲ" ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಇದ್ದಾಳೋ ಇಲ್ಲವೋ ಗೊತ್ತಾಗದಂತೆ ಇರುವುದು ಯಾವ ಸೀಮೆಯ ಗುಣ? ಮನೆಯಲ್ಲಿ ಮನುಷ್ಯರಿದ್ದಾರೆ ಅಂದರೆ ಗೊತ್ತಾಗಬೇಕು. ಪಾತ್ರೆ ಕುಕ್ಕಬೇಕು, ಬಾಗಿಲು ಬಡಿಯಬೇಕು, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮುಖ ಗಂಟು ಹಾಕಬೇಕು. ಹೀಗೆ ಹೇಳಿದರೆ ನನ್ನನ್ನು ಜಗಳಗಂಟಿ ಅನ್ನುತ್ತಾರೆ. ಅನ್ನಲಿ. ಆ ಬಿರುದು ನನಗೆ ಮದುವೆಯಾದ ವರ್ಷವೇ ಸಿಕ್ಕಿದೆ. ಕೊಟ್ಟವಳು ನನ್ನ ನಾದಿನಿ.

ನಾನು ಸವಣೂರಿನವಳು. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಶಿಗ್ಗಾಂವದ ಒಂದು ಕಾಳು ವ್ಯಾಪಾರದ ಮನೆಗೆ ಸೊಸೆಯಾಗಿ ಬಂದೆ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರನ್ನು ಬಲಗಾಲಿನಿಂದ ಮೆಲ್ಲಗೆ ಸರಿಸಿ ಒಳಗೆ ಬರಬೇಕು ಎಂದು ಅವ್ವ ನೂರು ಸಲ ಹೇಳಿ ಕಳಿಸಿದ್ದಳು. ಅಂಜಿಕೆಯಲ್ಲಿ ನಾನು ಅದನ್ನು ಎಷ್ಟು ಜೋರಾಗಿ ಒದ್ದೆ ಎಂದರೆ ಅಕ್ಕಿ ಪಡಸಾಲೆಯ ಕಂಬದವರೆಗೆ ಹಾರಿತು. ಬಂದ ಮಂದಿಯೆಲ್ಲ ಬಾಯಿಗೆ ಸೆರಗು ಹಿಡಿದುಕೊಂಡರು. ಕಂಬದ ಹಿಂದಿನಿಂದ ಎರಡು ಜಡೆಯ ಒಂದು ಹುಡುಗಿ ಮುಂದೆ ಬಂದು, "ವೈನಿ, ಸೇರನ್ನ ಹಿಂಗ ಒದ್ರ ನಾಳೆ ನಮ್ಮನ್ನ ಹೆಂಗ ಒದಿತೀಯೋ" ಅಂದಳು. ಅವಳೇ ನನ್ನ ನಾದಿನಿ, ಗಂಡನ ಒಬ್ಬಳೇ ತಂಗಿ. ಆಗಿನ್ನೂ ಹೈಸ್ಕೂಲಿಗೆ ಹೋಗುತ್ತಿದ್ದಳು.

ಅವತ್ತು ಶುರುವಾದದ್ದು ದಿನವೂ ನಡೆಯಿತು. ಕಿಟಕಿಯ ಪಕ್ಕದ ಕನ್ನಡಿಗೆ ಜಗಳ, ಮಲ್ಲಿಗೆಯ ಮಾಲೆಯಲ್ಲಿ ಯಾರಿಗೆ ಎಷ್ಟು ಉದ್ದ ಎಂದು ಜಗಳ, ಎಲ್ಲಕ್ಕಿಂತ ಹೆಚ್ಚು ಕೆನೆಗೆ ಜಗಳ. ಕಾಯಿಸಿದ ಎಮ್ಮೆಯ ಹಾಲಿನ ಮೇಲಿನ ದಪ್ಪ ಕೆನೆಯನ್ನು ಬಿಸಿ ರೊಟ್ಟಿಯ ಮೇಲೆ ಹರವಿ, ಸಕ್ಕರೆ ಉದುರಿಸಿ ತಿನ್ನುವುದು ಅವಳಿಗೆ ಹುಟ್ಟಿನಿಂದ ಬಂದ ಹಕ್ಕು. ನನಗೂ ತವರಿನಲ್ಲಿ ಅದೇ ಹಕ್ಕಿತ್ತು. ಇಬ್ಬರು ಹಕ್ಕುದಾರರು, ಒಂದೇ ಪಾತ್ರೆ. ಅವಳು ನನ್ನನ್ನು "ಸವಣೂರ ಖಾರ" ಅನ್ನುತ್ತಿದ್ದಳು. ಮನೆಯ ಹಿಂದೆಯೇ ಪುಣೆ–ಬೆಂಗಳೂರು ರಸ್ತೆ. ಅಲ್ಲಿ ಹೋಗುವ ಲಾರಿಗಳ ಸದ್ದನ್ನೂ ಮೀರಿಸುವ ಗಂಟಲು ಅವಳದು, ಹಾಗಾಗಿ ನಾನು ಅವಳನ್ನು "ಲಾರಿ ಹಾರ್ನ್" ಅನ್ನುತ್ತಿದ್ದೆ.

ನಮ್ಮ ಜಗಳಕ್ಕೆ ಒಂದು ಅಂಕೆ ಇತ್ತು. ಮಾವ ಕಾಳಿನ ಅಡತಿ ಅಂಗಡಿಯಿಂದ ಬಂದು ಪಡಸಾಲೆಯ ಗಾದಿಗೆ ಒರಗಿ ಕೂತಿರುತ್ತಿದ್ದರು. ನಮ್ಮ ದನಿ ಏರಿತೆಂದರೆ ಒಮ್ಮೆ ಗಟ್ಟಿಯಾಗಿ ಕೆಮ್ಮುತ್ತಿದ್ದರು. ಅದು ನೆಗಡಿಯ ಕೆಮ್ಮಲ್ಲ, ಹುಕುಂ. ನಾವಿಬ್ಬರೂ ಬಾಯಿ ಮುಚ್ಚಿಕೊಂಡು, ಕಣ್ಣಲ್ಲೇ ಉಳಿದದ್ದನ್ನು ಮುಗಿಸಿಕೊಳ್ಳುತ್ತಿದ್ದೆವು. ಹೊಸ ಸೊಸೆಯಾಗಿ ಆ ಮನೆಯಲ್ಲಿ ನನಗೆ ಗೆಳತಿ ಅಂತ ಇದ್ದವಳು ಅವಳೊಬ್ಬಳೇ. ಅದು ನಮ್ಮಿಬ್ಬರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಹೀಗೆ ಕೆಲವು ವರ್ಷ ನಡೆಯಿತು. ಅವಳು ಎಸ್ಸೆಸ್ಸೆಲ್ಸಿ ಪಾಸಾಗಿ ಕಾಲೇಜು ಸೇರಿದ ವರ್ಷದ ಮಳೆಗಾಲದಲ್ಲಿ ಜಗಳ ಕಡಿಮೆಯಾಗುತ್ತ ಬಂತು. ಮೊದಲು ಕನ್ನಡಿ ಬಿಟ್ಟುಕೊಟ್ಟಳು. ಆಮೇಲೆ ಮಲ್ಲಿಗೆ ಬೇಡವೆಂದಳು. ತಲೆನೋವು ಅಂತ ಕಾಲೇಜಿಗೆ ಹೋಗುವುದನ್ನು ನಿಲ್ಲಿಸಿದಳು. ಯಾರೂ ಯಾಕೆ ಎಂದು ಕೇಳಲಿಲ್ಲ; ಹೆಣ್ಣು ಹುಡುಗಿ, ಕಲಿತದ್ದು ಸಾಕು ಅಂದುಕೊಂಡರು. ಎಲ್ಲರಿಗಿಂತ ಮೊದಲು ಎದ್ದು ಹಿತ್ತಲ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಅಂಗಳ ಗುಡಿಸಿ, ಸ್ವಲ್ಪ ಹೊತ್ತು ಬಿಟ್ಟು ಅದೇ ಅಂಗಳವನ್ನು ಮತ್ತೆ ಗುಡಿಸುತ್ತಿದ್ದಳು. ತಾಟಿಗೆ ಎಷ್ಟು ಹಾಕಿದರೆ ಅಷ್ಟು ತಿನ್ನುತ್ತಿದ್ದಳು, ಹಾಕದಿದ್ದರೆ ಕೇಳುತ್ತಿರಲಿಲ್ಲ. ಒಂದು ಜಡೆ ಹೆಣೆದು, ಇನ್ನೊಂದು ಕಡೆಯ ಕೂದಲನ್ನು ಹಾಗೇ ಬಿಟ್ಟು, ಬಾಚಣಿಗೆ ಕೈಯಲ್ಲಿ ಹಿಡಿದು ಗೋಡೆ ನೋಡುತ್ತಿದ್ದಳು.

ಊರು ಏನಂದಿತು ಗೊತ್ತೆ? ಹುಡುಗಿ ಸುಧಾರಿಸಿದಳು ಅಂದಿತು. ಓಣಿಯ ಹೆಂಗಸರು ನೀರಿಗೆ ಬಂದಾಗ, ದೊಡ್ಡವಳಾದಳು, ಬುದ್ಧಿ ಬಂತು, ತಗ್ಗಿಸಿದ ತಲೆ ಎತ್ತುವುದಿಲ್ಲ ಎಂದು ಹೊಗಳಿದರು. ಅತ್ತೆಯಂತೂ ಬಂದವರಿಗೆಲ್ಲ ತಾವೇ ಮೊದಲಾಗಿ ಹೇಳುತ್ತಿದ್ದರು, ಮೊದಲಿನ ಹುಡುಗಾಟ ಒಂದೂ ಇಲ್ಲ, ಕಸ ಮುಸುರೆ ಎಲ್ಲ ಅವಳೇ, ಒಂದು ಮಾತು ಎದುರಾಡುವುದಿಲ್ಲ ಎಂದು. ನಮ್ಮ ಕಡೆ ಹೆಣ್ಣು ಮಕ್ಕಳ ಮೇಲೆ ಹೊರಿಸುವ ಗುಣಗಳನ್ನೆಲ್ಲ ಕೂಡಿಸಿದರೆ ಹೇಗಿರಬೇಕೋ ಹಾಗೇ ಆಗಿದ್ದಳು ಅವಳು. ಅದೇ ತೊಂದರೆ. ಒಬ್ಬ ಗಂಡುಹುಡುಗ ಹೀಗೆ ಗೋಡೆ ನೋಡುತ್ತ ಕೂತಿದ್ದರೆ ಎರಡನೆಯ ದಿನವೇ ಯಾರಾದರೂ ಗಾಬರಿಯಾಗುತ್ತಿದ್ದರು.

ನನಗೆ ಮಾತ್ರ ಹೊಗಳಲು ಬಾಯಿ ಬರಲಿಲ್ಲ. ಅತ್ತಿಗೆಯ ಜೊತೆ ಜಗಳವಾಡದ ನಾದಿನಿಯನ್ನು ಯಾರಾದರೂ ಕಂಡಿದ್ದೀರಾ? ನಾನೇ ಜಗಳ ತೆಗೆಯಬೇಕೆಂದು ನಿರ್ಧರಿಸಿದೆ. ಒಂದು ಮುಂಜಾನೆ ಹಾಲಿನ ಪಾತ್ರೆಯ ಕೆನೆಯನ್ನೆಲ್ಲ ಬಳಿದು ನನ್ನ ರೊಟ್ಟಿಗೆ ಹಾಕಿಕೊಂಡು, ಅವಳೆದುರಿಗೇ ಕೂತು, ಬೆರಳು ಚೀಪುತ್ತ ತಿಂದೆ. ಅವಳು ನೋಡಿದಳು. ಎದ್ದು ಹೋಗಿ ಸಕ್ಕರೆ ಡಬ್ಬಿ ತಂದು ನನ್ನ ಮುಂದಿಟ್ಟು, ಮತ್ತೆ ತನ್ನ ಜಾಗಕ್ಕೆ ಹೋಗಿ ಕೂತಳು. ಅವತ್ತು ನನಗೆ ಅಂಜಿಕೆ ಶುರುವಾಯಿತು.

ದಸರೆ ಕಳೆದ ಮೇಲೆ ಹಿರೇಕೆರೂರಿನ ಕಡೆಯಿಂದ ಒಂದು ಮನೆತನದವರು ಹೆಣ್ಣು ನೋಡಲು ಬಂದರು. ಹೊಲ, ಹತ್ತಿ, ಎತ್ತು ಎಲ್ಲ ಇದ್ದವರು, ಒಳ್ಳೆಯ ಮಂದಿ. ಅವಳಿಗೆ ಹಸಿರು ಸೀರೆ ಉಡಿಸಿ, ಚಹಾದ ತಬಕು ಕೈಗೆ ಕೊಟ್ಟು ನಾನೇ ಪಡಸಾಲೆಗೆ ಕರೆದುಕೊಂಡು ಹೋದೆ. ಹುಡುಗನ ತಾಯಿಯ ಮುಂದೆ ಬಗ್ಗಿದಾಗ ತಬಕು ವಾಲಿ ಒಂದು ಕಪ್ಪು ಉರುಳಿತು. ಆಗಷ್ಟೇ ಒಲೆಯಿಂದ ಇಳಿಸಿದ ಚಹಾ ನೇರ ಅವಳ ಪಾದದ ಮೇಲೆ ಬಿತ್ತು. ಅವಳು ಕಾಲು ಹಿಂದೆ ತೆಗೆಯಲಿಲ್ಲ. ಸ್ ಅನ್ನಲಿಲ್ಲ. ತಬಕನ್ನು ಸರಿ ಮಾಡಿ ಉಳಿದವರಿಗೆ ಚಹಾ ಕೊಡುತ್ತ ಮುಂದೆ ಹೋದಳು.

ಹುಡುಗನ ತಾಯಿ ತಮ್ಮವರ ಕಡೆ ತಿರುಗಿ ಹೇಳಿದ ಮಾತು ನನಗೆ ಇವತ್ತಿಗೂ ಹಾಗೇ ನೆನಪಿದೆ: "ಎಂಥಾ ತಾಳ್ಮಿ ನೋಡ್ರಿ. ಇಂಥಾ ಹುಡುಗಿ ಮನಿಗೆ ಬಂದ್ರ ಮನಿ ತಣ್ಣಗ ಇರ್ತೈತಿ."

ಒಳಗೆ ಕರೆದೊಯ್ದು ಕಾಲ ಮೇಲೆ ತಣ್ಣೀರು ಸುರಿದೆ. ಚರ್ಮ ಕೆಂಪಗೆ ಉಬ್ಬಿ ಬರುತ್ತಿತ್ತು. ಉರಿಯುತ್ತಿದೆಯಾ ಎಂದು ಕೇಳಿದೆ. ಬಹಳ ಹೊತ್ತು ಕಾಲನ್ನೇ ನೋಡಿ, "ಗೊತ್ತಾಗವಲ್ದು ವೈನಿ" ಅಂದಳು. ಹೊರಗೆ ಪಡಸಾಲೆಯಲ್ಲಿ ಸಕ್ಕರೆ ಹಂಚುತ್ತಿದ್ದರು. ದೀಪಾವಳಿ ಮುಗಿದ ಮೇಲೆ ಸೀರೆ ಉಡಿಸಿ, ಉಡಿ ತುಂಬಿ, ನಿಶ್ಚಯ ಮಾಡುವುದು ಎಂದು ಆಗಲೇ ಮಾತಾಗಿತ್ತು. ನಮ್ಮಲ್ಲಿ ಸೀರೆ ಉಡಿಸಿದರೆಂದರೆ ಅರ್ಧ ಮದುವೆ ಆದಂತೆ, ಆಮೇಲೆ ಹಿಂದೆ ಬರುವ ದಾರಿ ಇಲ್ಲ. ನನಗಿದ್ದ ಅವಧಿ ಅಷ್ಟೇ.

ಗಂಡನಿಗೆ ಹೇಳಿದೆ. ಅವರು ನಕ್ಕರು. "ನಿನಗ ಜಗಳಕ್ಕ ಜೋಡಿ ಇಲ್ದಂಗಾಗೇತಿ, ಅದಕ್ಕ ನಿನಗ ಹಂಗ ಕಾಣ್ತೇತಿ" ಅಂದರು. ಕೆಟ್ಟ ಮನುಷ್ಯರಲ್ಲ ಅವರು, ಜೋಳದ ಚೀಲದಲ್ಲಿ ಹುಳ ಬಿದ್ದರೆ ಹೊರಗಿನಿಂದಲೇ ಹೇಳುತ್ತಿದ್ದರು, ಒಡಹುಟ್ಟಿದ ತಂಗಿಯ ಮುಖದಲ್ಲಿದ್ದದ್ದು ಕಾಣಲಿಲ್ಲ. ನಾನು ವಾದ ಮಾಡಲಿಲ್ಲ. ಸುಟ್ಟ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಬರುತ್ತೇನೆ ಅಂದೆ. ಅದಕ್ಕೆ ಯಾರೂ ಬೇಡ ಅನ್ನುವಂತಿರಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಲೇಡಿ ಡಾಕ್ಟರು ಇದ್ದರು, ಎಲ್ಲರೂ ಡಾಕ್ಟರ್ ಬಾಯಿ ಅನ್ನುತ್ತಿದ್ದರು. ಅವರು ಪಟ್ಟಿ ಕಟ್ಟುತ್ತ, ಇಷ್ಟು ಸುಡುವ ತನಕ ಕಾಲು ಯಾಕೆ ಅಲ್ಲೇ ಇಟ್ಟುಕೊಂಡೆ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು. ಅವಳನ್ನೇ ಕೇಳಿದರು. ನಿದ್ದೆ ಬರುತ್ತದೆಯೇ, ಹಸಿವೆ ಆಗುತ್ತದೆಯೇ, ಯಾವುದು ಮಾಡಲು ಹಿತ ಅನಿಸುತ್ತದೆ, ಹೀಗೆ ಒಂದೊಂದಾಗಿ, ಉತ್ತರ ಬರುವವರೆಗೆ ಕಾಯುತ್ತ. ಕೊನೆಗೆ, ಬದುಕುವುದು ಬೇಡ ಅನಿಸುತ್ತದೆಯೇ ಎಂದು ನೇರವಾಗಿಯೇ ಕೇಳಿದರು. ಅಂಥ ಮಾತನ್ನು ಹುಡುಗಿಯ ಎದುರು ಆಡುವುದೇ ಎಂದು ನನಗೆ ಅವರ ಮೇಲೆ ಸಿಟ್ಟು ಬಂತು.

ನಾದಿನಿ ತಲೆ ಎತ್ತದೆ ಹೇಳಿದಳು: "ಸಾಯಬೇಕು ಅಂತ ಅಲ್ರಿ. ಮುಂಜಾನೆದ್ದು ಯಾಕ ಏಳಬೇಕು ಅನ್ನೋದು ತಿಳಿವಲ್ದು."

ಎಷ್ಟೋ ತಿಂಗಳಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದು. ಕೇಳಿದವರೇ ಇರಲಿಲ್ಲ, ಹಾಗಾಗಿ ಹೇಳಿರಲಿಲ್ಲ, ಅಷ್ಟೇ. ಡಾಕ್ಟರ್ ಬಾಯಿ ನನ್ನನ್ನು ಪಕ್ಕಕ್ಕೆ ಕರೆದರು. ಇದು ಸೊಕ್ಕೂ ಅಲ್ಲ, ತಾಳ್ಮೆಯೂ ಅಲ್ಲ, ಮೈಗೆ ಜ್ವರ ಬಂದಂತೆ ಮನಸ್ಸಿಗೆ ಬಂದಿದೆ, ಇದಕ್ಕೆಂದೇ ಕಲಿತ ಡಾಕ್ಟರು ಧಾರವಾಡದಲ್ಲಿ ತಮ್ಮ ಮನೆಯಲ್ಲೇ ನೋಡುತ್ತಾರೆ, ತಡ ಮಾಡಬೇಡಿ ಅಂದರು. ಕೂತು ಮಾತಾಡಿಸುವುದೇ ಅವರ ಮುಖ್ಯ ಔಷಧ ಎಂದೂ ಹೇಳಿದರು. ತಾವೇ ಟ್ರಂಕಾಲ್ ಮಾಡಿ ಅವರಿಗೆ ತಿಳಿಸುವುದಾಗಿ ಒಪ್ಪಿಕೊಂಡರು.

ಧಾರವಾಡ! ನಮ್ಮ ಕಡೆಯವರಲ್ಲದವರಿಗೆ ಇದರ ಭಾರ ತಿಳಿಯುವುದಿಲ್ಲ. ಅಲ್ಲಿ ಮನೋರೋಗಿಗಳ ದವಾಖಾನೆ ಇತ್ತು, ಹಾಗಾಗಿ ಹಾವೇರಿಯಿಂದ ಹಾನಗಲ್ಲಿನವರೆಗೆ ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ "ಇವನ್ನ ಧಾರವಾಡಕ್ಕ ಕಳಸ್ಬೇಕು" ಎಂದು ಚೇಷ್ಟೆ ಮಾಡುವುದು ರೂಢಿ. ನಾನೇ ಗಂಡನಿಗೆ ಎಷ್ಟು ಸಲ ಅಂದಿದ್ದೇನೋ. ನಿಶ್ಚಯಕ್ಕೆ ನಿಂತ ಹುಡುಗಿಯನ್ನು ಆ ಊರಿನ ಬಸ್ಸು ಹತ್ತಿಸುವುದೆಂದರೆ ಅವಳ ಹಣೆಗೆ ಹುಚ್ಚಿ ಎಂದು ಬರೆದು ಕಳಿಸಿದಂತೆ.

ಮನೆಯಲ್ಲಿ ವಿಷಯ ಹೇಳಿದಾಗ ಮಾವ ತಲೆಯ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಅಂದರು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯ ಎರಡನೆಯ ಅರ್ಧವನ್ನಷ್ಟೇ ಅವರು ಹಿಡಿದುಕೊಂಡಿದ್ದರು. ಮಗಳೆಂದರೆ ಅವರಿಗೆ ಜೀವ. ಚಿಕ್ಕವಳಿದ್ದಾಗ ಅಂಗಡಿಯ ಚೀಲಗಳ ಮೇಲೆ ಕೂರಿಸಿಕೊಂಡು ವ್ಯಾಪಾರ ಮಾಡಿದವರು. ಒಳಗಿನ ಅಂಜಿಕೆಯೇ ಅವರ ಬಾಯಿಂದ ಹಾಗೆ ಮಾತಾಡಿಸುತ್ತಿತ್ತು. ಇದು ಹೊರಗೆ ತಿಳಿದರೆ ಅವಳಿಗೆ ಮುಂದೆ ಗಂಡೇ ಸಿಗುವುದಿಲ್ಲ, ಮದುವೆ ಮುಗಿದ ಮೇಲೆ ಬೇಕಾದರೆ ಅವಳ ಗಂಡ ತೋರಿಸಿಕೊಳ್ಳಲಿ ಅಂದರು.

ಮಾವನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಏನಿದ್ದರೂ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು, ಅತ್ತೆಗೆ ಹೇಳಿದಂತೆ ಮಾಡಿ ಅವರ ಕಿವಿಗೆ ಹಾಕಬೇಕು. ಅಷ್ಟು ವರ್ಷ ಹಾಗೇ ಮಾಡಿದ್ದೆ. ಅವತ್ತು ಬಾಗಿಲು ದಾಟಿ ಪಡಸಾಲೆಗೆ ಬಂದು ನಿಂತೆ.

"ಮಾವಾರ, ಕಾಲು ಸುಟ್ಟಿದ್ದು ಗೊತ್ತಾಗದಾಕಿನ್ನ ಮಂದಿ ಮನಿಗೆ ಹೆಂಗ ಕಳಸ್ತೀರಿ? ಅಲ್ಲೆ ಅಕಿಗೆ ಏನರ ಆದ್ರ ಅಕಿ ಬಾಯಿ ಬಿಡಂಗಿಲ್ಲ. ನಮಗ ಗೊತ್ತಾಗೋದ್ರಾಗ ಎಲ್ಲಾ ಮುಗದಿರ್ತೈತಿ."

ಮಾವ ಕೆಮ್ಮಿದರು, ಅದೇ ಹುಕುಮಿನ ಕೆಮ್ಮು. ನನ್ನ ಗಂಡ ಎದ್ದು ನಿಂತು ಒಳಗೆ ಹೋಗು ಎಂದು ಸನ್ನೆ ಮಾಡಿದರು. ನಾನು ಹೋಗಲಿಲ್ಲ. ನಿಶ್ಚಯವಾಗುವ ಮೊದಲು ಅವಳನ್ನು ಆ ಡಾಕ್ಟರಿಗೆ ತೋರಿಸಿಯೇ ಸಿದ್ಧ, ಯಾರೂ ಬರದಿದ್ದರೆ ನಾನೊಬ್ಬಳೇ ಕರೆದುಕೊಂಡು ಹೋಗುತ್ತೇನೆ, ಅದಕ್ಕಾಗಿ ನನ್ನನ್ನು ತವರಿಗೆ ಅಟ್ಟುವುದಿದ್ದರೆ ಸವಣೂರು ದೂರವೇನಿಲ್ಲ ಎಂದು ಹೇಳಿ ಮುಗಿಸಿದೆ. ಮುಗಿಸಿದ ಮೇಲೆಯೇ ಒಳಗೆ ಹೋದೆ.

ಮರುದಿನ ಮುಂಜಾನೆ ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ನನ್ನ ಜೊತೆ ಮಾತಿಲ್ಲ. ನಾನು ಪಕ್ಕದಲ್ಲಿ ಕೂತು ಒಂದೇ ಒಂದು ಮಾತು ಕೇಳಿದೆ: "ಅತ್ತಿ, ಅಕಿ ನಿಮ್ಮ ಜೋಡಿ ಕಡೀಕ ಯಾವಾಗ ಜಗಳ ಆಡಿದ್ಲು, ನೆನಪೈತೇನ್ರಿ?"

ಅವರ ಕೈ ರೊಟ್ಟಿ ಬಡಿಯುತ್ತಲೇ ಇತ್ತು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ವಾಸನೆ ಬಂತು. ಅದನ್ನು ತೆಗೆಯದೆ, ಬಡಿಯುತ್ತಿದ್ದ ರೊಟ್ಟಿಯ ಮೇಲೆ ಎರಡೂ ಅಂಗೈ ಊರಿ ಕೂತುಬಿಟ್ಟರು.

"ನನಗೇನು ಗೊತ್ತಾಗಿಲ್ಲ ಅಂದೀಯೇನವಾ? ಹಡದಾಕಿ ನಾ. ಮಂದಿ ಮುಂದ ಛಲೋ ಆಗ್ಯಾಳ, ಛಲೋ ಆಗ್ಯಾಳ ಅಂತ ಹೊಗಳಿದ್ರ ಖರೇನ ಛಲೋ ಆಕ್ಕಾಳ ಅಂತ ಹೊಗಳಿದೆ."

ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಒರೆಸಿಕೊಂಡು, ಸುಟ್ಟ ರೊಟ್ಟಿಯನ್ನು ಎಮ್ಮೆಗೆಂದು ಪಕ್ಕಕ್ಕೆ ಹಾಕಿ, ಧಾರವಾಡಕ್ಕೆ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳಿದರು.

ಅತ್ತೆಯೇ ಹೊರಟು ನಿಂತಾಗ ಮಾವ ತಡೆಯಲಿಲ್ಲ, ಹೂಂ ಅನ್ನಲೂ ಇಲ್ಲ. ಹೊರಡುವ ದಿನ ಯಾರಾದರೂ ಕೇಳಿದರೆ ಹುಬ್ಬಳ್ಳಿಗೆ ಜವಳಿ ತರಲು ಹೊರಟಿದ್ದೇವೆ ಅನ್ನೋಣ ಎಂದು ನಾನೇ ಹೇಳಿಕೊಟ್ಟಿದ್ದೆ. ನಿಶ್ಚಯದ ಮುಂಚೆ ಹುಬ್ಬಳ್ಳಿಗೆ ಹೋಗಿ ಸೀರೆ ಕುಪ್ಪಸ ತರುವುದು ಎಲ್ಲ ಮನೆಯ ಪದ್ಧತಿ, ಯಾರಿಗೂ ಸಂಶಯ ಬರುವುದಿಲ್ಲ. ಬಸ್ಸು ಹತ್ತಿ ಕೂತೆವು. ಕಿಟಕಿಯ ಬದಿಗೆ ನಾದಿನಿ, ನಡುವೆ ಅತ್ತೆ, ಈಚೆಗೆ ನಾನು. ಬಂಕಾಪುರದ ಒಬ್ಬ ವ್ಯಾಪಾರಿಯ ಹೆಂಡತಿ, ನಮಗೆ ಪರಿಚಯದವರೇ, ಪೇರಲ ಹಣ್ಣಿನ ಬುಟ್ಟಿ ಹೊತ್ತು ಹತ್ತಿ ನಮ್ಮ ಪಕ್ಕದ ಸೀಟಿನಲ್ಲೇ ಕೂತರು. ನಮ್ಮ ಮೂವರನ್ನೂ ನೋಡಿ, ಜವಳಿಗೆ ಹೊರಟಿರೇನು ಎಂದು ನಗುತ್ತ ಕೇಳಿದರು. ನಾವು ಹುಡುಕಿಟ್ಟುಕೊಂಡಿದ್ದ ಸುಳ್ಳನ್ನು ಅವರೇ ನಮ್ಮ ಕೈಗೆ ಕೊಟ್ಟಿದ್ದರು. ನಾನು ಹೂಂ ಅನ್ನಬೇಕೆಂದು ಬಾಯಿ ತೆರೆದೆ.

"ಇಲ್ಲವಾ" ಅಂದರು ಅತ್ತೆ. "ಧಾರವಾಡಕ್ಕ ಹೊಂಟೇವಿ, ಡಾಕ್ಟರ್ ಕಡೆ. ನನ್ನ ಮಗಳ ಮನಸ್ಸಿಗೆ ಆರಾಮಿಲ್ಲ. ತೋರಿಸಿಕೊಂಡು ಬರ್ತೇವಿ."

ಮುಂದಿನ ಸೀಟಿನವರು ತಿರುಗಿ ನೋಡಿದರು. ಅತ್ತೆ ಯಾರನ್ನೂ ನೋಡದೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ಕಿಟಕಿಯ ಹೊರಗೆ ನೋಡುತ್ತಿದ್ದ ನಾದಿನಿ ಮುಖ ತಿರುಗಿಸಿ ತನ್ನ ಅವ್ವನನ್ನು ನೋಡಿದಳು. ಎಷ್ಟೋ ದಿನಗಳಾಗಿದ್ದವು ಅವಳು ಒಬ್ಬರ ಮುಖವನ್ನು ಹೀಗೆ ನೋಡಿ. ಆ ಹೆಂಗಸು ಬುಟ್ಟಿಯಿಂದ ಒಂದು ಹಣ್ಣಾದ ಪೇರಲ ಆರಿಸಿ ನನ್ನ ಮುಂದಿನಿಂದ ಕೈ ಚಾಚಿ ಅವಳಿಗೆ ಕೊಟ್ಟರು. ಅವಳು ತಡಸದವರೆಗೆ ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು.

ಧಾರವಾಡದ ಡಾಕ್ಟರರ ಮನೆ ನಾನು ಅಂಜಿದಂತೆ ಏನೂ ಇರಲಿಲ್ಲ. ಕಬ್ಬಿಣದ ಸರಳುಗಳಿರಲಿಲ್ಲ, ಒದರಾಟವಿರಲಿಲ್ಲ. ಮುಂದೆ ಒಂದು ಪಡಸಾಲೆ, ಬೆತ್ತದ ಕುರ್ಚಿಗಳು, ಕುಂಡದಲ್ಲಿ ತುಳಸಿ. ಡಾಕ್ಟರು ಅವಳೊಬ್ಬಳನ್ನೇ ಒಳಗೆ ಕರೆದರು. ನಾವು ಹೊರಗೆ. ಒಳಗೇನು ಮಾತು ನಡೆದಿದೆ ಎಂದು ನನ್ನ ಕಿವಿ ಆ ಬಾಗಿಲಿಗೇ ಅಂಟಿತ್ತು. ಎರಡು ಸಲ ಎದ್ದು ತುಳಸಿ ನೋಡುವ ನೆಪದಲ್ಲಿ ಬಾಗಿಲ ಹತ್ತಿರ ಹೋದೆ. ಎರಡು ಸಲವೂ ಅತ್ತೆ ಸೆರಗು ಜಗ್ಗಿ ಕೂರಿಸಿದರು.

ಬಾಗಿಲು ತೆರೆದಾಗ ಅವಳ ಕಣ್ಣು ಮೂಗು ಕೆಂಪಾಗಿದ್ದವು. ಅತ್ತಿದ್ದಳು. ಅತ್ತೆಗೆ ಗಾಬರಿಯಾಯಿತು. ನನಗೆ ಎದ್ದು ಕುಣಿಯುವಷ್ಟು ಸಂತೋಷವಾಯಿತು. ಸುಟ್ಟ ಕಾಲಿಗೆ ಅಳದಿದ್ದವಳು ಕೊನೆಗೂ ಅತ್ತಿದ್ದಳಲ್ಲ!

ನಮ್ಮನ್ನು ಕರೆದಾಗ ಡಾಕ್ಟರು ಕೇಳಿದ್ದು ಅವಳಿಗೇನಾಗಿದೆ ಎಂದಲ್ಲ, ಮೊದಲು ಹೇಗಿದ್ದಳು ಎಂದು. ನಾನು ಕನ್ನಡಿ, ಕೆನೆ, ಲಾರಿ ಹಾರ್ನ್ ಎಲ್ಲ ಹೇಳಿದೆ. ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ, ಯಾವಾಗಿನಿಂದ ಇದೆಲ್ಲ ನಿಂತಿತು, ಒಮ್ಮೆಲೇ ನಿಂತಿತೋ ಸ್ವಲ್ಪ ಸ್ವಲ್ಪವೋ ಎಂದು ಬಿಡದೆ ಕೇಳಿದರು. ಹುಡುಗರು ಗಲಾಟೆ ಮಾಡಿದರೆ ಮಾತ್ರ ಮನೆಯವರು ನಮ್ಮ ಹತ್ತಿರ ತರುತ್ತಾರೆ, ತಮ್ಮ ಸ್ವಭಾವವನ್ನೇ ಬಿಟ್ಟು ಸುಮ್ಮನಾದವರನ್ನು ತರುವುದಿಲ್ಲ ಅಂದರು. ಕೆಲವು ದಿನ ಗುಳಿಗೆ ಕೊಡಬೇಕು, ಹದಿನೈದು ದಿನಕ್ಕೊಮ್ಮೆ ಬಂದು ಮಾತಾಡಬೇಕು, ಕಾರಣ ಏನು ಎಂದು ಮನೆಯಲ್ಲಿ ಕೆದಕಬಾರದು, ಒಬ್ಬಳನ್ನೇ ಬಿಡಬಾರದು, ಸದ್ಯಕ್ಕೆ ಮದುವೆಯ ಮಾತು ತೆಗೆಯಬಾರದು. ಮುಂದಿನ ಸಲ ಅವಳ ಅಪ್ಪನೂ ಬರಬೇಕು ಎಂದರು. ಎಷ್ಟು ದಿನಕ್ಕೆ ಆರಾಮಾಗುತ್ತಾಳೆ ಎಂದು ಅತ್ತೆ ಕೇಳಿದಾಗ ದಿನ ಹೇಳಲಿಲ್ಲ, ಆಗುತ್ತಾಳೆ ಅಂತಷ್ಟೇ ಹೇಳಿದರು.

ಕಾರಣ ಏನು? ಇದನ್ನು ಓದುವವರೂ ಅದನ್ನೇ ಕೇಳುತ್ತೀರಿ, ನನಗೆ ಗೊತ್ತು. ನನಗೆ ಇವತ್ತಿಗೂ ಗೊತ್ತಿಲ್ಲ. ಆ ಕೋಣೆಯಲ್ಲಿ ಅವಳು ಏನು ಹೇಳಿದಳೋ ಅದು ಅವಳದು. ಓಣಿಯವರು ನೂರು ಕಾರಣ ಕಟ್ಟಿದರು, ನಾನೂ ಒಳಗೊಳಗೇ ನಾಲ್ಕಾರು ಕಟ್ಟಿದೆ. ಒಂದನ್ನೂ ಅವಳ ಮುಂದೆ ಆಡಲಿಲ್ಲ. ನನ್ನಂಥ ಬಾಯಿಬಡುಕಿಗೆ ಅದು ಸಣ್ಣ ಶಿಕ್ಷೆಯೇನಲ್ಲ.

ಅತ್ತೆ ಊರಿಗೆ ಬಂದು, ಡಾಕ್ಟರು ಹೇಳಿದ್ದನ್ನೆಲ್ಲ ಮಾವನಿಗೆ ತಾವೇ ಹೇಳಿದರು. ಮಾವ ಹಿರೇಕೆರೂರಿಗೆ ಹೋಗಿ, ಹುಡುಗಿಗೆ ಆರಾಮಿಲ್ಲ, ಔಷಧ ನಡೆದಿದೆ, ಕಾಯಬೇಕು ಎಂದು ಕೇಳಿದರು. ಹುಡುಗನ ಮನೆಯವರು ಮರ್ಯಾದೆಯಿಂದಲೇ ಬೇರೆ ಕಡೆ ನೋಡುತ್ತೇವೆ ಅಂದರು. ತಿರುಗಿ ಬಂದ ಮಾವ ನನಗೆ ಒಂದು ಮಾತೂ ಅನ್ನಲಿಲ್ಲ. ಆದರೆ ಊಟವಾದ ಮೇಲೆ ನನ್ನ ಕೈಯಿಂದ ಎಲೆ ಅಡಿಕೆ ತೆಗೆದುಕೊಳ್ಳುವುದನ್ನು ಬಿಟ್ಟರು. ಮದುವೆಯಾದಾಗಿನಿಂದ, ಎಲೆಗೆ ಹೆಸರಾದ ಸವಣೂರಿನವಳು ಕೊಟ್ಟರೇ ಎಲೆಗೆ ರುಚಿ ಎಂದು ಚೇಷ್ಟೆ ಮಾಡಿ ನನ್ನಿಂದಲೇ ಇಸಿದುಕೊಳ್ಳುತ್ತಿದ್ದವರು, ಈಗ ಅತ್ತೆಯನ್ನು ಕೂಗುತ್ತಿದ್ದರು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಆ ನೋವನ್ನೂ ನುಂಗಿಕೊಂಡು ಬಸ್ಸಿನ ಹೊತ್ತಿಗೆ ಸರಿಯಾಗಿ ಹೊರಡುತ್ತಿದ್ದೆ. ಎರಡನೆಯ ಸಲ ಮಾವನೂ ಬಂದರು. ಡಾಕ್ಟರು ಅವರನ್ನು ಬಹಳ ಹೊತ್ತು ಒಳಗೆ ಕೂರಿಸಿಕೊಂಡರು. ಬರುವಾಗ ಬಸ್ಸಿನಲ್ಲಿ ಮಾವ ಮಗಳ ಪಕ್ಕ ಕೂತು, ಶೇಂಗಾ ಸುಲಿದು ಸುಲಿದು ಅವಳ ಕೈಗೆ ಹಾಕುತ್ತಿದ್ದರು.

ಹೋದ ಮಾತ್ರಕ್ಕೆ ಎಲ್ಲ ಸರಿಹೋಗಲಿಲ್ಲ. ಕೆಲವು ಸಲ ಬರುವುದೇ ಇಲ್ಲ ಎಂದು ಹೊದಿಕೆ ಮುಸುಕು ಹಾಕಿಕೊಂಡು ಮಲಗುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ಇವತ್ತಿನ ಬಸ್ಸು ಹ್ವಾದರ ನಾಳಿನ ಬಸ್ಸು ಐತಿ, ನಾ ಬಿಡಾಕಿ ಅಲ್ಲ ಅನ್ನುತ್ತಿದ್ದೆ. ದೀಪಾವಳಿ ಸದ್ದಿಲ್ಲದೆ ಹೋಯಿತು. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ತಾನೇ ಕೇಳಿ ಹಾಕಿಸಿಕೊಂಡಳು. ಅತ್ತೆ ಹಿತ್ತಲಿಗೆ ಹೋಗಿ ಅತ್ತು ಬಂದರು.

ಆ ವರ್ಷದ ಮೇಲೆ ನನ್ನ ಕಿವಿ ಗಲಾಟೆಗಿಂತ ನಿಶ್ಶಬ್ದವನ್ನು ಹೆಚ್ಚು ಕೇಳುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ಹಾನಗಲ್ಲಿನಲ್ಲಿದ್ದ ನನ್ನ ಚಿಗವ್ವನ ಮಗಳ ಮನೆಗೆ ಹೋಗಿದ್ದೆ. ಗಂಡ ಹೆಂಡತಿ ಮೊದಲು ಕಚ್ಚಾಡುತ್ತಿದ್ದರಂತೆ. ಹಿರಿಯರು ಕೂತು ಬುದ್ಧಿ ಹೇಳಿದ ಮೇಲೆ ಜಗಳ ನಿಂತು ಮನೆ ತಂಪಾಯಿತು ಎಂದು ಎಲ್ಲರಿಗೂ ಸಮಾಧಾನ. ನಾನು ನೋಡಿದ್ದೇ ಬೇರೆ. ಅವಳು ಮಗುವಿಗೆ, ನಿಮ್ಮಪ್ಪಗ ಊಟಕ್ಕ ಬಾ ಅನ್ನು ಅನ್ನುತ್ತಿದ್ದಳು. ಅವನು ಅದೇ ಮಗುವಿಗೆ, ಹಸಿವಿಲ್ಲ ಅಂತ ಹೇಳು ಅನ್ನುತ್ತಿದ್ದ. ಇಬ್ಬರ ನಡುವೆ ಒಂದು ಮೊಳ ಜಾಗ. ಹಿರಿಯರು ಗಂಟೆಗಟ್ಟಲೆ ಮಾತಾಡಿದ್ದರು, ಅವರಿಬ್ಬರನ್ನು ಮಾತಾಡಿಸಿರಲಿಲ್ಲ. ನಾನು ಇಬ್ಬರಿಗೂ ಸೇರಿಸಿಯೇ ಧಾರವಾಡದ ದಾರಿ ಹೇಳಿದೆ. ನಾವೇನು ಹುಚ್ಚರಾ ಎಂದು ಸಿಟ್ಟಾದರು. ನನ್ನ ಮೇಲೆ ಸಿಟ್ಟು ಮಾಡುವಾಗಲಾದರೂ ಇಬ್ಬರೂ ಒಂದಾದರಲ್ಲ ಎಂದು ನಾನು ಬೇಸರ ಮಾಡಿಕೊಳ್ಳಲಿಲ್ಲ. ಮುಂದಿನ ವರ್ಷ ಹೋದರು. ಅಂದಿನಿಂದ ಮಗುವಿನ ಮಧ್ಯಸ್ಥಿಕೆ ಇಲ್ಲದೆ ತಾವೇ ಜಗಳವಾಡುತ್ತಾರೆ.

ಆದರೆ ನಾನು ಹೇಳಬೇಕೆಂದು ಕೂತದ್ದು ನಾದಿನಿಯ ಔಷಧ ನಡೆದಿದ್ದ ಆ ಬೇಸಿಗೆಯಲ್ಲಿ ನಮ್ಮ ಮನೆಯ ಮಾತು. ಯುಗಾದಿ ಕಳೆದಿತ್ತು. ಮುಂಜಾನೆ ನಾನು ಅಡುಗೆಮನೆಯಲ್ಲಿ ಕೂತು ಬಿಸಿ ರೊಟ್ಟಿಗೆ ಕೆನೆ ಹಾಕಿಕೊಂಡಿದ್ದೆ. ಈ ಸಲ ಯಾವ ಪರೀಕ್ಷೆಯೂ ಅಲ್ಲ, ಹಸಿವಾಗಿತ್ತು ಅಷ್ಟೇ. ಬಾಗಿಲಲ್ಲಿ ನಾದಿನಿ ಬಂದು ನಿಂತಳು. ಎರಡೂ ಜಡೆ ಹೆಣೆದುಕೊಂಡಿದ್ದಳು. ಖಾಲಿ ಪಾತ್ರೆ ನೋಡಿದಳು, ನನ್ನ ರೊಟ್ಟಿ ನೋಡಿದಳು.

"ವೈನಿ, ಅದು ನನ್ನ ಕೆನಿ" ಅಂದಳು.

ನನ್ನ ಕೈ ಅಲ್ಲೇ ನಿಂತಿತು. ಕೊಟ್ಟುಬಿಡಬೇಕು ಅನಿಸಿತು, ಇಡೀ ಎಮ್ಮೆಯನ್ನೇ ಅವಳ ಹೆಸರಿಗೆ ಬರೆದುಕೊಡಬೇಕು ಅನಿಸಿತು. ಆದರೆ ಕೊಟ್ಟರೆ ಜಗಳ ಮುಗಿದುಹೋಗುತ್ತದಲ್ಲ. ತುತ್ತು ಮುರಿದು ಬಾಯಿಗೆ ಹಾಕಿಕೊಂಡು, ನಿನ್ನ ಹೆಸರು ಬರೆದಿದೆಯೇನು ಇದರ ಮೇಲೆ ಎಂದು ಕೇಳಿದೆ. ಸವಣೂರಿನಲ್ಲಿ ಎಮ್ಮೆಗಳು ಹಾಲು ಕೊಡುತ್ತಿರಲಿಲ್ಲವೇನು, ಮಂದಿಯ ಮನೆಗೆ ಬಂದು ಪಾತ್ರೆ ಬಳಿಯುತ್ತೀಯಲ್ಲ ಅಂದಳು. ಲಾರಿ ಹಾರ್ನ್ ರಿಪೇರಿಯಾಗಿ ಬಂತು ನೋಡಿ ಎಂದು ನಾನು ಒದರಿದೆ. ಅವಳು ನನ್ನ ತಾಟಿಗೆ ಕೈ ಹಾಕಿದಳು, ನಾನು ಹಿಂದೆ ಜಗ್ಗಿದೆ. ರೊಟ್ಟಿ ಎರಡಾಯಿತು. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒಲೆಯ ಹೊಗೆ ಎಂದು ಸೆರಗಿನಿಂದ ಒರೆಸಿಕೊಳ್ಳುತ್ತಲೇ ಬೈಯುತ್ತಿದ್ದೆ. ಇಬ್ಬರ ದನಿಯೂ ಏರಿ ರಸ್ತೆಯ ಲಾರಿಗಳಿಗೂ ಕೇಳಿಸುವಷ್ಟಾಯಿತು.

ಆಗ ಅಭ್ಯಾಸಬಲದಿಂದ ಇಬ್ಬರೂ ಒಮ್ಮೆಲೇ ನಿಂತೆವು. ಪಡಸಾಲೆಯಲ್ಲಿ ಮಾವ ಗಾದಿಗೆ ಒರಗಿ ಕೂತಿದ್ದರು. ಅವರ ಕೆಮ್ಮಿಗಾಗಿ ಕಾದೆವು.

ಅವರು ಕೆಮ್ಮಲಿಲ್ಲ. ನಾವು ಮತ್ತೆ ಶುರು ಮಾಡಿದೆವು.